ಶರಾವತಿಯ ಗುಂಟ ನೆಂಟರ ಮನೆಗಳು

ಮುಳುಗಡೆಯಾದ ಊರಿನವರಿಗೆ ನೆಂಟರೆಲ್ಲ ಒಂದೇ ದಿಕ್ಕಿನಲ್ಲಿ ಇರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತಾಗ ನಮ್ಮ ಮಾವನವರ ಮನೆ, ಗದ್ದೆ, ತೋಟ, ನಾಗರ ಬನ ಎಲ್ಲವೂ ಶರಾವತಿಯ ಅಡಿಗೆ ಹೋದವು. ಮಾವ ಹೆಂಡತಿ, ಮಗ, ತಂದೆ–ತಾಯಿ, ಸಣ್ಣ ತಂಗಿಯನ್ನು ಕರೆದುಕೊಂಡು ಶಿವಮೊಗ್ಗದ ಕಡೆಗೆ ಬಂದರು. ಅಷ್ಟರಲ್ಲಾಗಲೇ ಮದುವೆಯಾಗಿದ್ದ ದೊಡ್ಡ ತಂಗಿ ಹಿನ್ನೀರಿನಾಚೆಯ ತುಮರಿ ಸೀಮೆಯಲ್ಲೇ ಉಳಿದರು. ಸಣ್ಣ ತಂಗಿ ಮುಂದೆ ಘಟ್ಟ ಇಳಿದು ಹೊನ್ನಾವರದ ಸೊಸೆಯಾದರು. ನಮಗೆ ಈ ಮನೆಗಳಿಗೆ ಹೋಗುವುದೆಂದರೆ ಮದುವೆ, ಉಪನಯನ, ಇಲ್ಲವೇ ಸಾವು. ಕಾರ್ಯದ ಮನೆಯಲ್ಲಿ ಕೂತು ಮಾತಾಡಲು ಯಾರಿಗೆ ಪುರುಸೊತ್ತು ಇರುತ್ತದೆ? ನಮ್ಮ ಯಜಮಾನರು ಕೆಲಸದಿಂದ ನಿವೃತ್ತರಾದ ಮೇಲೆ, ಸಂಕ್ರಾಂತಿಯೂ ಕಳೆದ ಮೇಲೆ, ಬರೀ ಮಾತಾಡಿ ಬರಲಿಕ್ಕೆಂದೇ ಕಾರು ಹತ್ತಿದೆವು. ದಾರಿಯಲ್ಲಿ ಸಿಗುವ ಹಳೇ ಸ್ನೇಹಿತರನ್ನೂ ಬಿಡಬಾರದೆಂದು ಮೊದಲೇ ಫೋನು ಮಾಡಿದ್ದೆವು.

ಶುಕ್ರವಾರ: ಆಯನೂರಿನ ಕಡೆಗೆ

ಬೆಳಕು ಹರಿಯುವ ಮೊದಲೇ ಬೆಂಗಳೂರು ಬಿಟ್ಟದ್ದರಿಂದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಸಿಬಿಸಿಯಾಗಿ ಸಿಕ್ಕಿತು. ತಡವಾದರೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ತಿಪಟೂರು ಬರುವ ಹೊತ್ತಿಗೆ ಬಿಸಿಲೇರಿತ್ತು. ರಸ್ತೆಯ ಎರಡೂ ಕಡೆ ತೆಂಗು. ಮಂಡಿಯ ಕಡೆಗೆ ಕೊಬ್ಬರಿ ಚೀಲ ಹೇರಿದ ಟೆಂಪೋಗಳು ಸಾಲಾಗಿ ಹೊರಟಿದ್ದವು. ಅರಸೀಕೆರೆ, ಕಡೂರು, ಬೀರೂರು ಸರಾಗವಾಗಿ ಕಳೆದವು. ತರೀಕೆರೆ ದಾಟುತ್ತಿದ್ದಂತೆ ತೆಂಗಿನ ಮಧ್ಯೆ ಅಡಿಕೆ ಕಾಣಿಸಿಕೊಳ್ಳುತ್ತದೆ, ಭದ್ರಾವತಿಗೆ ಬರುವಾಗ ಅಡಿಕೆಯೇ ಹೆಚ್ಚು. ರಸ್ತೆ ಅಗಲ ಮಾಡುವ ಕೆಲಸ ಅಲ್ಲಲ್ಲಿ ಉಳಿದಿದೆ, ತಿರುವಿನಲ್ಲಿ ಥಟ್ಟನೆ ಮಣ್ಣಿನ ದಾರಿಗೆ ಇಳಿಸುತ್ತಾರೆ. ಈ ದಾರಿಯಲ್ಲಿ ರಾತ್ರಿ ಗಾಡಿ ಓಡಿಸದಿರುವುದೇ ಒಳ್ಳೆಯದು.

ಭಾವನ ಊರು ಶಿವಮೊಗ್ಗದಿಂದ ಆಯನೂರಿನ ಕಡೆ ಹೋಗಿ ಒಳಗೆ ತಿರುಗಿದರೆ ಸಿಗುತ್ತದೆ. ಊರಿನಲ್ಲಿರುವ ಬಹುಪಾಲು ಮನೆಗಳೂ ಶರಾವತಿಯಿಂದ ಎದ್ದು ಬಂದವರದೇ. ಕಾಡು ಕಡಿದು ಗದ್ದೆ ಮಾಡಿ, ಮಲೇರಿಯಾ ಕಂಡು, ಆನೆ ಕಂಡು ಊರು ಕಟ್ಟಿದರು. ಅರವತ್ತು ವರ್ಷ ಆದ ಮೇಲೂ ಭಾವನ ಒಂದು ತುಂಡು ಜಮೀನಿಗೆ ಹಕ್ಕುಪತ್ರ ಆಗಿಲ್ಲ. ಕಾಗದಗಳನ್ನೆಲ್ಲ ಅಕ್ಕ (ಭಾವನ ಹೆಂಡತಿ) ಒಂದು ಹಳೇ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದಾರೆ. ಸಂಜೆ ಭಾವ ಅದನ್ನು ತೆಗೆದು ತಮ್ಮನಿಗೆ ಒಂದೊಂದೇ ತೋರಿಸಿದರು. ಮಾವನವರ ಸಹಿ, ತಾರೀಖು, ಅಂಚಿನಲ್ಲಿ ನೀಲಿ ಮಸಿಯಲ್ಲಿ ಸರ್ವೆ ನಂಬರು. “ಅಪ್ಪ ಇದನ್ನ ಹಿಡ್ಕಂಡು ತಿರುಗಿದ್ರು, ನಾನು ತಿರುಗಿದೆ. ಮಗನಿಗೆ ತಿರುಗೋ ಕೆಲಸ ಇಡಬಾರದು ಅಂತ ಇದೆ ನೋಡು,” ಎಂದರು. ಬೆಂಗಳೂರಿನಲ್ಲಿ ಕೂತು ಈ ಮಾತನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕಾಗದ ಕೈಯಲ್ಲಿ ಹಿಡಿದಾಗಲೇ ಅದರ ಭಾರ ಗೊತ್ತಾಗುವುದು.

ಈ ಮನೆಯಲ್ಲಿ ನಾನು ಸದಾ ಕೈಯಾಡಿಸಿ ನೋಡುವುದು ಬಾಗಿಲವಾಡವನ್ನು. ಮುಳುಗಡೆ ಮನೆಯಿಂದ ಕಿತ್ತು ಲಾರಿಯಲ್ಲಿ ತಂದದ್ದು. ಹಲಸಿನ ಮರ, ಮೇಲ್ಪಟ್ಟಿಯ ನಡುವೆ ಗಜಲಕ್ಷ್ಮಿ, ಎರಡೂ ಬದಿಗೆ ಬಳ್ಳಿ. ಎಡಗಡೆಯ ಆನೆಯ ಸೊಂಡಿಲು ಲಾರಿ ಹತ್ತಿಸುವಾಗ ಮುರಿದದ್ದು ಹಾಗೆಯೇ ಇದೆ. ಮನೆ ಈಗ ತಾರಸಿಯದಾಗಿದೆ, ಗೋಡೆಗೆ ಟೈಲ್ಸ್ ಬಂದಿದೆ. ವಾಡ ಮಾತ್ರ ಬದಲಾಗಿಲ್ಲ. ಹಳೇ ಅಳತೆಯದಾದ್ದರಿಂದ ಇವರ ಹಾಗೆ ಎತ್ತರದವರು ಇವತ್ತಿಗೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ಶನಿವಾರ: ಅಂಬುತೀರ್ಥ, ಹೊಸನಗರ, ಸಾಗರ

ಆಯನೂರಿನಿಂದ ಆನಂದಪುರದ ಮೇಲೆ ಹೋದರೆ ಸಾಗರಕ್ಕೆ ಹೆಚ್ಚು ಹೊತ್ತು ಬೇಡ. ಆದರೆ ಮನೆಯನ್ನೂ ಊರನ್ನೂ ತೆಗೆದುಕೊಂಡ ನದಿ ಹುಟ್ಟುವ ಜಾಗವನ್ನು ಇವರು ಇನ್ನೂ ನೋಡಿರಲಿಲ್ಲ. ಅದಕ್ಕೇ ಶಿವಮೊಗ್ಗಕ್ಕೆ ಹಿಂದಿರುಗಿ ತೀರ್ಥಹಳ್ಳಿ ರಸ್ತೆ ಹಿಡಿದೆವು. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಬಲಗಡೆಯೋ ಎಡಗಡೆಯೋ ಮರಗಳ ಸಂದಿಯಲ್ಲಿ ತುಂಗೆ ಹೊಳೆಯುತ್ತಲೇ ಇರುತ್ತಾಳೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳನ್ನು ಹೊಳೆಗಿಳಿಸುವುದು ಬೆಳಗಿನ ಹೊತ್ತು ಮಾತ್ರ, ಮಧ್ಯಾಹ್ನ ಹೋದವರಿಗೆ ಖಾಲಿ ದಂಡೆ ಕಾಣುತ್ತದೆ. ಮಂಡಗದ್ದೆಯ ಹಕ್ಕಿಗಳು ಮಳೆಗಾಲದವು. ಜನವರಿಯಲ್ಲಿ ನಡುಗಡ್ಡೆಯ ಮರಗಳು ಬರಿದಾಗಿದ್ದವು.

ತೀರ್ಥಹಳ್ಳಿಯಿಂದ ಒಳರಸ್ತೆಯಲ್ಲಿ ಅಂಬುತೀರ್ಥ. ರಾಮ ಬಾಣ ಬಿಟ್ಟು ನೀರು ತೆಗೆದ ಜಾಗವೆಂದು ನಂಬಿಕೆ. ಶಿವನ ಸಣ್ಣ ಗುಡಿ, ಸುತ್ತ ಮರಗಳ ನೆರಳು, ಕೊಳದಲ್ಲಿ ತಿಳಿನೀರು. ಅರಬ್ಬಿ ಸಮುದ್ರ ಸೇರುವವರೆಗೆ 128 ಕಿಲೋಮೀಟರು ಹರಿಯುವ ನದಿ ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟು. ಇವರು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಪಕ್ಕದಲ್ಲಿ ದರ್ಭೆ ಒಣಗಿಸುತ್ತಿದ್ದ ಹಿರಿಯರೊಬ್ಬರು ಯಾವೂರು ಎಂದು ವಿಚಾರಿಸಿದರು. ಇವರು ಮುಳುಗಿದ ಊರಿನ ಹೆಸರು ಹೇಳಿದರು. ಬೆಂಗಳೂರಿನಲ್ಲಿ ಬದುಕಿನ ಮುಕ್ಕಾಲು ಪಾಲು ಕಳೆದವರು, ಆ ಊರನ್ನು ಕಣ್ಣಲ್ಲಿ ಕಂಡವರೂ ಅಲ್ಲ, ಆದರೂ ಆ ಹೆಸರನ್ನೇ ಹೇಳಿದರು. ಹಿರಿಯರು ತಲೆಯಾಡಿಸಿ, “ಹಂಗಾರೆ ನೀವು ಹೊಳೆ ಕಡೆಯವರೇ. ಕೈಕಾಲು ತೊಳೆದು ತೀರ್ಥ ತಗಳಿ,” ಎಂದರು.

ಹೊಸನಗರ ಬಿಟ್ಟ ಮೇಲೆ ಟಯರು ಪಂಕ್ಚರಾಯಿತು. ಜಾಕ್ ಕೊಡಲು ಗಟ್ಟಿ ನೆಲವಿಲ್ಲದ ರಸ್ತೆಯಂಚು, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಬೈಕಿನಲ್ಲಿ ಬಂದ ಹುಡುಗರಿಬ್ಬರು ನಿಂತು, ಪಕ್ಕದ ಮನೆಯಿಂದ ಒಂದು ಹಲಗೆ ತಂದು ಜಾಕಿನ ಕೆಳಗಿಟ್ಟು ಸ್ಟೆಪ್ನಿ ಹಾಕಿಕೊಟ್ಟರು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಹಲಗೆ ಕೊಟ್ಟ ಮನೆಯವರು ಬಿಸಿ ಕಷಾಯ ಕುಡಿಸಿ ಕಳಿಸಿದರು. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು. ಚಳಿ ಏರುತ್ತಿದ್ದ ಆ ಸಂಜೆಗೆ ಅದು ತಕ್ಕದ್ದಾಗಿತ್ತು. ಈ ಕಡೆ ಬರುವವರು ಸ್ಟೆಪ್ನಿಗೆ ಗಾಳಿ ಇದೆಯೇ ಎಂದು ಶಿವಮೊಗ್ಗದಲ್ಲೇ ನೋಡಿಕೊಳ್ಳಬೇಕು. ನಮ್ಮದರಲ್ಲಿ ಇತ್ತು.

ರಾತ್ರಿ ಸಾಗರದಲ್ಲಿ ನನ್ನ ಹಾಸ್ಟೆಲ್ ಗೆಳತಿಯ ಮನೆ. ಓದುವಾಗ ಒಂದೇ ಕೋಣೆಯಲ್ಲಿದ್ದವರು. ಅವಳು ಇಲ್ಲೇ ಹೈಸ್ಕೂಲು ಮೇಡಂ ಆಗಿ ಈಗ ನಿವೃತ್ತಿಯ ಅಂಚಿನಲ್ಲಿದ್ದಾಳೆ. ಊರು ಮಾರಿಕಾಂಬಾ ಜಾತ್ರೆಯ ಗಡಿಬಿಡಿಯಲ್ಲಿತ್ತು. ಸಾಗರದ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿರಸಿಯದು ಎರಡು ವರ್ಷಕ್ಕೊಮ್ಮೆ, ಈ ಸಲ ಎರಡೂ ಒಂದೇ ವರ್ಷ ಬಂದಿವೆ. ಮನೆಮನೆಗೆ ಸುಣ್ಣಬಣ್ಣ, ನೆಂಟರನ್ನು ಮಲಗಿಸಲು ಹಾಸಿಗೆಗಳ ಲೆಕ್ಕ. ಗೆಳತಿ ಒಂದೆಲಗದ ತಂಬುಳಿ ಮಾಡಿ, ಹಲಸಿನ ಹಪ್ಪಳ ಕೆಂಡದಲ್ಲಿ ಸುಟ್ಟು ಬಡಿಸಿದಳು. ಊಟವಾದ ಮೇಲೆ ಗಂಡಸರು ಮಲಗಿದರು. ನಾವಿಬ್ಬರು ಅಡುಗೆಮನೆಯ ಮೆಟ್ಟಿಲಲ್ಲೇ ಕೂತು, ಹಾಸ್ಟೆಲಿನಲ್ಲಿ ಜೊತೆಗಿದ್ದವರಲ್ಲಿ ಯಾರು ಎಲ್ಲಿದ್ದಾರೆ, ಯಾರು ಇಲ್ಲ ಎಂದು ಒಂದೊಂದೇ ಹೆಸರು ತೆಗೆದೆವು. ಕಳೆದ ವರ್ಷ ಅವಳಿಗೆ ಎದೆಯ ಆಪರೇಷನ್ ಆಗಿದ್ದು ನನಗೆ ಗೊತ್ತಾದದ್ದು ಆಗ. “ಫೋನಲ್ಲಿ ಹೇಳೋ ಸಂಗತಿ ಅಲ್ಲ ಅಂತ ಬಿಟ್ಟೆ ಮಾರಾಯ್ತಿ,” ಎಂದಳು. ಅವಳ ಕೈ ಹಿಡಿದುಕೊಂಡೇ ಕೂತೆ.

ಭಾನುವಾರ: ಹೊಳೆ ದಾಟಿ

ತುಮರಿಗೆ ಹೋಗುವ ಹಳೇ ಕ್ರಮ ಗೊತ್ತಿದ್ದವರಿಗೆ ಈ ಭಾನುವಾರದ ಬೆಲೆ ತಿಳಿದೀತು. ಸಾಗರದಿಂದ ಅಂಬಾರಗೋಡ್ಲಿನ ಹೊಳೆಬಾಗಿಲಿಗೆ ಬಂದು ಲಾಂಚಿಗೆ ಕಾಯಬೇಕಿತ್ತು. ಸಿಗಂದೂರಿಗೆ ಜನ ಹೆಚ್ಚಾದ ದಿನ ವಾಹನಗಳ ಸಾಲು ಗುಡ್ಡದವರೆಗೆ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. ಸಂಜೆಯ ಕೊನೇ ಲಾಂಚು ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. ದೊಡ್ಡತ್ತೆಯ ಮಾವನವರಿಗೆ ಎದೆನೋವು ಬಂದದ್ದು ಅಂಥ ಒಂದು ರಾತ್ರಿ, ಬೆಳಗಾಗುವವರೆಗೆ ಅವರು ಇರಲಿಲ್ಲ. ದ್ವೀಪದ ಗಂಡುಗಳಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರು. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ನಡುವೆ ಕೂತವರು ತಾವು ಮಾತ್ರ ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಉಂಡರು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದ, ನಡುವೆ ಕಂಬಗಳಿಂದ ಇಳಿಬಿಟ್ಟ ಕೇಬಲ್ಲುಗಳು ಹೊತ್ತ ರಸ್ತೆ. ನಾವು ಹೋದಾಗ ಹಿನ್ನೀರಿನ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಇವರು ಗಾಡಿಯನ್ನು ತೀರಾ ನಿಧಾನಕ್ಕೆ ಬಿಟ್ಟರು. ನಡು ಸೇತುವೆಗೆ ಬಂದಾಗ ಎಡಗಡೆ ಕೈ ತೋರಿಸಿ, “ಅಪ್ಪ ಹೇಳ್ತಿದ್ದ ಲೆಕ್ಕದಲ್ಲಿ ನಮ್ಮನೆ ಆ ಗುಡ್ಡದ ಬುಡದಲ್ಲಿ ಇರಬೇಕು,” ಎಂದರು. ಗುಡ್ಡದ ಬುಡದಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರು ಬಹಳ. ನೋಡಬೇಕೆಂದರೆ ದಾಟಿ, ಆಚೆ ಬದಿಯಲ್ಲಿ ನಿಲ್ಲಿಸಿ ನಡೆದು ಬರುವುದು ಕ್ಷೇಮ. ಪೆಟ್ರೋಲನ್ನು ಸಾಗರದಲ್ಲೇ ತುಂಬಿಸಿಕೊಳ್ಳಿ.

ದೊಡ್ಡತ್ತೆ ಜಗುಲಿಯಲ್ಲೇ ಕೂತಿದ್ದರು. ಎಂಬತ್ತು ದಾಟಿದ ಜೀವ, ಮಂಡಿ ನೋವಿಗೆ ಎದ್ದು ಬರಲಾರರು. ಆದರೆ ಕಾರಿನ ಸದ್ದಿಗೇ ಧ್ವನಿ ಮಾಡಿದರು. “ತಮಾ, ಬಂದ್ಯಾ? ಕೂಸೂ ಬಂದ್ಲಾ? ಇಷ್ಟು ಬೇಗ ಹೆಂಗೆ ಬಂದ್ರಿ?” ಸೇತುವೆ ಆಗಿ ತಿಂಗಳುಗಳು ಕಳೆದರೂ ಅವರ ಮನಸ್ಸಿನ ಗಡಿಯಾರ ಲಾಂಚಿನದೇ. ಕೂತ ಮೇಲೆ ಮೊದಲು ಆಸರಿಗೆ (ಕುಡಿಯಲು ಏನಾದರೂ), ಆಮೇಲೆ ಎಲೆಯಡಿಕೆ, ಅದಾದ ಮೇಲೆ ಯಾರ್‍ಯಾರು ಹೇಗಿದ್ದಾರೆ ಎಂಬ ವಿಚಾರಣೆ. ಅವರ ಪಟ್ಟಿಯಲ್ಲಿ ಯಾರೂ ತಪ್ಪುವುದಿಲ್ಲ. ನನ್ನ ತವರಿನ ಎಮ್ಮೆ ಕರು ಹಾಕಿದ್ದೂ ಅವರಿಗೆ ಗೊತ್ತಿತ್ತು.

ಜಗುಲಿಯಲ್ಲಿರುವ ಜೋಡಿ ಕಂಬಗಳು ಮುಳುಗಡೆ ಮನೆಯವು. ಆಯನೂರಿಗೆ ಹೋದ ಬಾಗಿಲವಾಡದ ಮುಂದೆ ನಿಂತಿದ್ದವು ಇವೇ. ನೀರು ಏರುತ್ತಿದ್ದಾಗ ಅತ್ತೆಯ ಗಂಡ ಗಾಡಿ ಕಟ್ಟಿಕೊಂಡು ಹೋಗಿ, ಭಾವಮೈದ ಬಿಟ್ಟು ಹೊರಟಿದ್ದ ಕಂಬಗಳನ್ನು ಹೇರಿಕೊಂಡು ಬಂದರಂತೆ. ಒಂದು ಕಂಬದಲ್ಲಿ ಆಳೆತ್ತರದ ಕೆಳಗೆ ಸಣ್ಣ ಸಣ್ಣ ಗೀರುಗಳಿವೆ. ಮಕ್ಕಳು ವರ್ಷ ವರ್ಷ ಎಷ್ಟು ಬೆಳೆದರು ಎಂದು ಅತ್ತೆಯ ಅಪ್ಪ ಕತ್ತಿಯಲ್ಲಿ ಹಾಕುತ್ತಿದ್ದ ಗುರುತು. ಮಾವನವರ ಗೀರು ಯಾವುದು, ದೊಡ್ಡತ್ತೆಯದು ಯಾವುದು, ಎಲ್ಲಕ್ಕಿಂತ ಕೆಳಗಿನದು ಸಣ್ಣತ್ತೆಯದು ಎಂದು ಅವರು ಕೂತಲ್ಲಿಂದಲೇ ಕೋಲಿನಲ್ಲಿ ತೋರಿಸಿದರು. ಇವರು ಕಂಬದ ಪಕ್ಕ ಮೊಣಕಾಲೂರಿ, ಅಪ್ಪನ ಗೀರಿನ ಮೇಲೆ ಬೆರಳಿಟ್ಟರು. ಅದು ಇವರ ಎದೆಯವರೆಗೂ ಬರಲಿಲ್ಲ.

ಸೋಮವಾರ: ಅಡಿಕೆ ಕೊಯ್ಲಿನ ಮನೆ

ಅಡಿಕೆ ಕೊಯ್ಲು ನಡೆದಿರುವ ಮನೆಯಲ್ಲಿ ನೆಂಟರಿಗೆಂದು ಯಾವ ಕೆಲಸವೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ, ತುಪ್ಪ ತಿಂದು ತೋಟಕ್ಕಿಳಿದೆವು. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸುವ ಕೊನೆಗೌಡರು ಈಗ ಸಿಗುವುದು ಕಷ್ಟ. ಅತ್ತೆಯ ಮೊಮ್ಮಗ ಉದ್ದದ ಫೈಬರ್ ದೋಟಿಯಲ್ಲಿ ನಿಂತಲ್ಲಿಂದಲೇ ಕೊನೆ ಕೊಯ್ಯುತ್ತಿದ್ದ. ಕತ್ತು ಹಿಂದೆ ಚೆಲ್ಲಿ, ದೋಟಿಯ ತುದಿ ಕೊನೆಯ ಬುಡಕ್ಕೆ ಕೂರುವುದನ್ನೇ ನೋಡಿ ಒಂದು ಎಳೆತ. ನೋಡಲು ಸಲೀಸು. ಇವರು ಹಿಡಿದು ನೋಡಿದಾಗ ದೋಟಿ ಗಾಳಿಗೆ ಬಾಗಿ ಬಾಗಿ ಕೊನೆಯನ್ನು ಮುಟ್ಟಲೇ ಇಲ್ಲ. ಹೋದ ಮಳೆಗಾಲ ಮುಗಿಯದೆ ಸುರಿದು ಬೋರ್ಡೋ ಔಷಧಿ ಹೊಡೆಯಲು ಬಿಡುವೇ ಸಿಗಲಿಲ್ಲವಂತೆ, ಕೊಳೆರೋಗಕ್ಕೆ ಹೋದದ್ದು ಬಹಳ. ಅದಕ್ಕಿಂತ ಅವನಿಗೆ ಚಿಂತೆ ಎಲೆಚುಕ್ಕಿ ರೋಗದ್ದು. ಸೋಗೆಯ ಮೇಲೆ ಕಂದು ಚುಕ್ಕಿ ಬಿದ್ದ ಮರಗಳನ್ನು ಸಾಲಾಗಿ ತೋರಿಸಿದ. ಓದು ಮುಗಿಸಿ ಮಂಗಳೂರಿನಲ್ಲಿದ್ದ ಹುಡುಗ, ಸೇತುವೆ ಆಗುತ್ತದೆ ಎಂಬ ಧೈರ್ಯದಲ್ಲಿ ಊರಿಗೆ ಬಂದು ನಿಂತಿದ್ದಾನೆ. ತೋಟವೂ ಅವನ ಕೈ ಹಿಡಿಯಬೇಕು.

ಮಧ್ಯಾಹ್ನ ಸಿಗಂದೂರಿಗೆ ಹೋಗಿ ಚೌಡೇಶ್ವರಿಯ ದರ್ಶನ ಮಾಡಿದೆವು. ಸಂಕ್ರಾಂತಿಯ ಜಾತ್ರೆ ಮುಗಿದಿತ್ತಾದರೂ ಜನವಿತ್ತು. ಸೇತುವೆಯಾದ ಮೇಲೆ ಗಾಡಿಗಳು ಹೆಚ್ಚಿವೆ, ರಸ್ತೆಬದಿ ಪ್ಲಾಸ್ಟಿಕ್ಕೂ ಹೆಚ್ಚಿದೆ. ಅಂಗಡಿಯವರೊಬ್ಬರು ಮೊದಲು ಲಾಂಚಿಗೆ ಕಾಯುವವರು ಕೂತು ಚಾ ಕುಡಿದು ಮಾತಾಡುತ್ತಿದ್ದರು, ಈಗ ಯಾರೂ ಇಳಿಯುವುದೇ ಇಲ್ಲ ಎಂದು ನೊಂದುಕೊಂಡರು. ಅವರ ಮಾತೂ ನಿಜ. ಇಲ್ಲಿಗೆ ಬರುವವರು ದರ್ಶನ ಮುಗಿಸಿ ಓಡದೆ ತುಮರಿಯ ಹೋಟೆಲಿನಲ್ಲಿ ಒಂದು ಊಟ ಮಾಡಿ, ಇಲ್ಲಿಯ ಕಾಳುಮೆಣಸೋ ಬೆಲ್ಲವೋ ಕೊಂಡು ಹೋದರೆ ಈ ನೆಲದವರಿಗೂ ಸೇತುವೆಯಿಂದ ನಾಲ್ಕು ಕಾಸು ಸಿಗುತ್ತದೆ.

ರಾತ್ರಿ ಊಟದ ಮೇಲೆ ಅಂಗಳದಲ್ಲಿ ಅಡಿಕೆ ಸುಲಿಯಲು ಕೂತರು. ಮಷಿನ್ ಬಂದಿದೆ, ಆದರೆ ಮೆಟ್ಟುಗತ್ತಿಯೂ ಮೂಲೆ ಸೇರಿಲ್ಲ. ಮಣೆಯ ಮೇಲೆ ಕೂತು, ಕಾಲಲ್ಲಿ ಒತ್ತಿ, ಕಾಯಿಯನ್ನು ಕತ್ತಿಯ ಬಾಯಿಗೆ ಕೊಟ್ಟು ತಿರುಗಿಸಿದರೆ ಸಿಪ್ಪೆ ಎರಡಾಗಿ ಅಡಿಕೆ ಕೈಗೆ ಬರುತ್ತದೆ. ಪಕ್ಕದ ಒಲೆಯಲ್ಲಿ ಹಂಡೆ ತುಂಬ ಚೊಗರಿನಲ್ಲಿ (ಅಡಿಕೆ ಬೇಯಿಸಿದ ರಸ) ಅಡಿಕೆ ಕುದಿಯುತ್ತಿತ್ತು. ಆ ಒಗರು ವಾಸನೆ ಮೈಗೆ, ಸೀರೆಗೆ, ಕೂದಲಿಗೆ ಅಂಟಿಕೊಂಡು ಬೆಂಗಳೂರಿನವರೆಗೂ ಬಂತು. ಸುಲಿಯಲು ಬಂದ ಹೆಂಗಸರೊಬ್ಬರು ಡಬ್ಬದ ಲೆಕ್ಕ ಹಾಕುತ್ತಲೇ ಹೇಳಿದರು: ಅವರ ಮಗಳ ಹೆರಿಗೆ ಮೊನ್ನೆ ಸಾಗರದಲ್ಲಿ ಆಯಿತು, ನೋವು ಬಂದದ್ದು ಅಪರಾತ್ರಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇನ್ನೂ ಬೆಳಗಾಗಿರಲಿಲ್ಲ. “ನಾನು ಹೆತ್ತದ್ದು ಲಾಂಚಲ್ಲೇ ಅಮಾ,” ಎಂದು ಮುಂದಿನ ಕಾಯಿ ಕೈಗೆತ್ತಿಕೊಂಡರು.

ಮಲಗುವ ಮೊದಲು ದೊಡ್ಡತ್ತೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಜಾಡಿಯನ್ನು ಬಟ್ಟೆಯಲ್ಲಿ ಬಿಗಿದು ನನ್ನ ಕೈಗೆ ಕೊಟ್ಟರು. ನಮಗಲ್ಲ, ಹೊನ್ನಾವರದ ತಂಗಿಗೆ. ನಮ್ಮ ಮಾವನವರ ತಿಥಿಯ ನಂತರ ಅಕ್ಕತಂಗಿ ಮುಖ ನೋಡಿಲ್ಲ. ನಮ್ಮ ಜೊತೆಗೇ ಹೊರಡಿ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊಯ್ಲಿನ ಮನೆ ಬಿಟ್ಟು ಹೊರಡುವುದುಂಟೇ, ಘಟ್ಟದ ತಿರುವು ತಲೆಗೆ ಆಗುವುದಿಲ್ಲ, ಹೀಗೆ. ಕೊನೆಗೆ, “ಸಣ್ಣಿಗೇ ಬರಕ್ಕೆ ಹೇಳು. ಈಗ ಹೊಳೆ ಅಡ್ಡ ಇಲ್ಲೆ ಅಂತ ಹೇಳು,” ಎಂದರು.

ಮಂಗಳವಾರ: ಜೋಗ, ಸಿದ್ದಾಪುರದ ಆಲೆಮನೆ

ಜನವರಿಯ ಜೋಗಕ್ಕೆ ನೀರಿಗಾಗಿ ಹೋಗಬಾರದು. ಮಳೆಗಾಲದಲ್ಲಿ ಕಿವಿ ಕಿವುಡಾಗಿಸುವ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಈಗ ಬಂಡೆಯ ಮೇಲೆ ಸಣ್ಣ ಎಳೆಗಳು. ಆದರೆ ಬಂಡೆ ಕಾಣುವುದು ಈಗಲೇ. 830 ಅಡಿಯ ಆ ಕಪ್ಪು ಗೋಡೆ ಎಷ್ಟು ಆಳ, ನೀರು ಅದನ್ನು ಎಷ್ಟು ಕೊರೆದಿದೆ ಎಂಬುದು ಜುಲೈಯಲ್ಲಿ ಹೋದವರಿಗೆ ಗೊತ್ತಾಗುವುದಿಲ್ಲ. ಮೇಲಿನಿಂದ ಬರಬೇಕಾದ ನೀರು ಲಿಂಗನಮಕ್ಕಿಯಿಂದ ತಳಕಳಲೆಗೆ, ಅಲ್ಲಿಂದ ಕೊಳವೆಗಳಲ್ಲಿ ಕಣಿವೆಗೆ ಇಳಿದು 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರವನ್ನು ತಿರುಗಿಸುತ್ತದೆ. ಇವರು ಕಟ್ಟೆಯ ಮೇಲೆ ಕೈಯೂರಿ ನಿಂತು, ಬಾಗಿಲವಾಡ, ಕಂಬ, ಟ್ರಂಕಿನ ಕಾಗದ ಎಲ್ಲ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿ ಇವರ ಕಾಲೇಜು ಸ್ನೇಹಿತರಿದ್ದಾರೆ. ಇಬ್ಬರೂ ನೋಡಿದ ಕೂಡಲೇ “ಹೋಗೋ, ಬಾರೋ” ಶುರು. ಅವರ ಮನೆಯಲ್ಲಿ ಆಲೆಮನೆ ಹೂಡಿದ್ದರು. ಕೋಣ ಕಟ್ಟಿ ಗಾಣ ತಿರುಗಿಸುವ ಕಾಲ ಹೋಗಿ ಈಗ ಡೀಸೆಲ್ ಗಾಣ. ಊರವರೆಲ್ಲ ಬಂದು ಹೋಗುವುದು ಮಾತ್ರ ಹಾಗೆಯೇ ಇದೆ. ಬಂದವರಿಗೆ ಕಬ್ಬಿನ ಹಾಲು, ಜೊತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸಿಹಿಯ ಮೇಲೆ ಖಾರ, ಖಾರದ ಮೇಲೆ ಸಿಹಿ. ಎಷ್ಟು ಕುಡಿದೆವೆಂಬ ಲೆಕ್ಕ ಯಾರೂ ಇಡುವುದಿಲ್ಲ. ಕೊಪ್ಪರಿಗೆಯಲ್ಲಿ ಹಾಲು ಕುದಿದು ಗಟ್ಟಿಯಾಗುವಾಗ ಮೇಲೇಳುವ ನೊರೆಬೆಲ್ಲವನ್ನು ಬಾಳೆಲೆಯ ತುಂಡಿಗೆ ಬಡಿಸಿದರು.

ಹಿತ್ತಲಲ್ಲಿ ಸ್ನೇಹಿತರ ತಾಯಿ ತೊಡೆದೇವು ಮಾಡುತ್ತಿದ್ದರು. ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆ. ಅಕ್ಕಿಯನ್ನು ನುಣ್ಣಗೆ ಬೀಸಿ ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸಿದ ಹಿಟ್ಟು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಸಲ ಎಳೆಯುತ್ತಾರೆ. ಎರಡು ಉಸಿರು ಎಳೆಯುವಷ್ಟರಲ್ಲಿ ಅಂಚು ಬಿಡುತ್ತದೆ, ಕಾಗದದಷ್ಟು ತೆಳುವಾದ ಹಾಳೆ. ಬಿಸಿಯಿರುವಾಗಲೇ ಮಡಚಬೇಕು, ತಣಿದರೆ ಪುಡಿ. ನಾನು ಮಾಡಿದವು ಮೊದಲು ಹರಿದವು, ಆಮೇಲೆ ಒಂದು ಇಡಿಯಾಗಿ ಎದ್ದಿತು. ಅಮ್ಮ ಅದನ್ನೇ ತೆಗೆದು ದೇವರ ಮುಂದೆ ಇಟ್ಟರು. ಈ ಸೀಮೆಗೆ ಚಳಿಗಾಲದಲ್ಲಿ ಬಂದವರು ಯಾರ ಮನೆಯಲ್ಲಿ ಆಲೆಮನೆ ಇದೆ ಎಂದು ಪೇಟೆಯಲ್ಲಿ ವಿಚಾರಿಸಿದರೆ ಸಾಕು, ಕರೆಯದೆಯೂ ಹೋಗಬಹುದಾದ ಜಾಗ ಅದು.

ಬುಧವಾರ: ಘಟ್ಟ ಇಳಿದು

ಮಾವಿನಗುಂಡಿಯಿಂದ ಗೇರುಸೊಪ್ಪೆ ಘಟ್ಟ. ಸಿಂಗಳೀಕಗಳಿರುವ ಕಾಡು, ನಿಧಾನ ಹೋಗಿ ಎಂಬ ಫಲಕಗಳಿವೆ. ನಮಗೆ ಸಿಂಗಳೀಕ ಕಾಣಲಿಲ್ಲ. ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿದಾಗ ಮಂಗವೊಂದು ಕಿಟಕಿಯಿಂದ ಕೈಹಾಕಿ ಸಿದ್ದಾಪುರದಲ್ಲಿ ಕಟ್ಟಿಕೊಟ್ಟ ಬಾಳೆಹಣ್ಣಿನ ಚಿಪ್ಪನ್ನೇ ಹೊತ್ತೊಯ್ದಿತು. ಉಪ್ಪಿನಕಾಯಿಯ ಜಾಡಿ ನನ್ನ ಮಡಿಲಲ್ಲಿದ್ದದ್ದು ಪುಣ್ಯ. ಕೆಳಗೆ ಇಳಿಯುತ್ತಿದ್ದಂತೆ ಸ್ವೆಟರು ತೆಗೆಯಬೇಕಾಯಿತು, ಗಾಳಿಯಲ್ಲಿ ಉಪ್ಪಿನ ಪಸೆ. ಹದಿನಾರನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಕಾಳುಮೆಣಸಿನ ವ್ಯಾಪಾರ ಆಳಿದ ಗೇರುಸೊಪ್ಪೆ ಇದೇ. ಹೊಳೆಯಾಚೆ ಕಾಡಿನೊಳಗಿನ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ನಾವು ಹೊಕ್ಕಾಗ ಒಳಗೆ ತಂಪು, ಹೊರಗೆ ಜೀರುಂಡೆ. ಸಂಜೆಯಾಗುವ ಮುನ್ನ ಹೋಗಿ ಬರುವುದು ವಾಸಿ.

ಸಣ್ಣತ್ತೆಯ ಮನೆ ಹೊನ್ನಾವರದಲ್ಲಿ, ಶರಾವತಿ ಸಮುದ್ರ ಸೇರುವ ಅಳಿವೆಗೆ ಹತ್ತಿರ. ಮುರುಗಲು ಹಣ್ಣಿನ ಪಾನಕ ಕೊಟ್ಟು, ಜಾಡಿಯ ಬಟ್ಟೆ ಬಿಚ್ಚಿ ಮೂಸಿದರು. “ಇದು ಅಕ್ಕನದೇ. ಅಬ್ಬೆ ಹಾಕ್ತಿದ್ದ ಹದ,” ಎಂದವರೇ ಸೆರಗು ಕಣ್ಣಿಗೊತ್ತಿಕೊಂಡರು. ಊರು ಮುಳುಗಿದಾಗ ಅವರಿನ್ನೂ ಸಣ್ಣ ಹುಡುಗಿ. ಮನೆಯ ನೆನಪು ಇಲ್ಲವೆಂದೇ ಹೇಳಬೇಕು. ಲಾರಿಯಲ್ಲಿ ಸಾಮಾನಿನ ಮೇಲೆ ಕೂತದ್ದು, ನಾಯಿ ಬಹಳ ದೂರ ಹಿಂದೆ ಓಡಿ ಬಂದದ್ದು, ಇಷ್ಟೇ. ಇವರು ಮೊಬೈಲಿನಲ್ಲಿ ಕಂಬದ ಗೀರಿನ ಚಿತ್ರ ತೋರಿಸಿದರು. ಎಲ್ಲಕ್ಕಿಂತ ಕೆಳಗಿನದು ನಿಮ್ಮದೇ ಎಂದಾಗ ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ಆ ಗುರುತು ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಸಂಜೆ ಅವರ ಮಗ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಕರೆದುಕೊಂಡು ಹೋದ. ಮರದ ಹಲಗೆಯ ಕಾಲುದಾರಿ, ಕೆಳಗೆ ಕೆಸರಿನಲ್ಲಿ ಏಡಿಗಳು, ಬೇರುಗಳೆಲ್ಲ ನೆಲದಿಂದ ಮೇಲಕ್ಕೆ. ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಾರೆ, ಬಿಸಿಲಿರುವಾಗಲೇ ಹೋಗಬೇಕು. ಅವನ ಮಾತೆಲ್ಲ ಹೊಸ ಯೋಜನೆಯದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್. ಕಾಡು ಹೋಗುತ್ತದೆ, ಹೊಳೆಯಲ್ಲಿ ನೀರು ಕಡಿಮೆಯಾದರೆ ಉಪ್ಪುನೀರು ಮೇಲೇರಿ ಬಾವಿ, ತೋಟ ಸೇರುತ್ತದೆ ಎಂಬುದು ಅವನ ಭಯ. ಪ್ರತಿಭಟನೆಗೂ ಹೋಗಿದ್ದ. ಸಣ್ಣತ್ತೆ ಸುಮ್ಮನೆ ಕೇಳುತ್ತಿದ್ದವರು, “ಒಂದು ಸಲ ಲಾರಿ ಹತ್ತಿದ್ದು ಸಾಕು,” ಎಂದರು. ಈ ನದಿ ಒಂದು ಮನೆತನದಿಂದ ಎಷ್ಟು ಸಲ ತೆಗೆದುಕೊಳ್ಳಬೇಕು? ನನಗಂತೂ ಅವರ ಮಾತೇ ಸರಿಯೆನಿಸಿತು.

ಗುರುವಾರ: ಹೊರಡುವ ಮುನ್ನ

ಬೆಳಿಗ್ಗೆ ಕಾಫಿಯ ಹೊತ್ತಿಗೆ ಇವರು ತುಮರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದರು. ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಮೊಮ್ಮಗ ದೊಡ್ಡತ್ತೆಯನ್ನು ಕುರ್ಚಿ ಸಮೇತ ಅಂಗಳದ ತುದಿಗೆ ತಂದಿದ್ದನಂತೆ. ಅಕ್ಕತಂಗಿ ಮೊದಲು ಉಪ್ಪಿನಕಾಯಿಯ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಮಾತಾಡಿದರು. ಆಮೇಲೆ ಸಣ್ಣತ್ತೆ ತಾವೇ, ಶಿವರಾತ್ರಿಗೆ ಬರುತ್ತೇನೆ ಎಂದರು. ಆಚೆಯಿಂದ ಕೂಡಲೇ ಉತ್ತರ ಬಂತು: “ಉಪವಾಸದ ದಿನ ಬಂದ್ರೆ ಎಂತ ಬಡಿಸ್ಲಿ? ಹಿಂದಿನ ದಿನವೇ ಬಾ. ಊಟಕ್ಕೆ ಇಲ್ಲೇ ಇರವು.”

ಗಾಡಿ ಯಾರು ಓಡಿಸುವುದು, ಘಟ್ಟ ಹತ್ತಿ ಜೋಗದ ಮೇಲೆ ಸಾಗರಕ್ಕೆ ಹೋಗಿ ಸೇತುವೆ ದಾಟಲು ಎಷ್ಟು ಹೊತ್ತು ಬೇಕು ಎಂಬ ಚರ್ಚೆ ನಡೆಯಿತು. ಮಗ ರಜೆ ಹಾಕುತ್ತೇನೆಂದ. ಸಣ್ಣತ್ತೆ ಒಣಗಿಸಿದ ಮುರುಗಲು ಸಿಪ್ಪೆಯನ್ನು ಎರಡು ಪೊಟ್ಟಣ ಮಾಡಿದರು, ಒಂದು ನಮಗೆ, ಇನ್ನೊಂದು ಭಾವನ ಮನೆಗೆ. ಅಕ್ಕನ ಪಾಲನ್ನು ತಾವೇ ಒಯ್ಯುವುದಾಗಿ ಹೇಳಿ ಡಬ್ಬಿಗೆ ತುಂಬಿಟ್ಟರು. ಬೆಂಗಳೂರಿಗೆ ವಾಪಸ್ ಬರುವಾಗ ಆಯನೂರಿಗೆ ಮತ್ತೆ ತಿರುಗಿ ಪೊಟ್ಟಣ ಕೊಟ್ಟು, ಭಾವನಿಗೂ ಅಕ್ಕನಿಗೂ ವಿಷಯ ಹೇಳಿಯಾಯಿತು. ಅವರು ಆಯನೂರಿನಿಂದ ಹೊರಡುತ್ತಾರೆ, ನಾವು ಇಲ್ಲಿಂದ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ತುಮರಿಯಲ್ಲಿ.